ಮಂಗಳಾರತಿ ಮುಗಿಯುವವರೆಗೆ

ನನ್ನ ದಿನಚರಿಯಲ್ಲಿ ಆ ವಾರದ ಪುಟಗಳಿಗೆ ಮಾತ್ರ ಎರಡು ಬಣ್ಣದ ಶಾಯಿಯಿದೆ. ನೀಲಿಯಲ್ಲಿ ಎಂದಿನಂತೆ ಮನೆಯ ಸುದ್ದಿ: ಯಾರು ಬಂದರು, ಏನು ಅಡುಗೆ, ಎಷ್ಟು ಸೆಖೆ. ಹಸಿರಿನಲ್ಲಿ ಅವನ ಸರ್ವ್‌ಗಳ ಲೆಕ್ಕ. ಹಸಿರು ಪೆನ್ನು ಅವನೇ ಕೊಟ್ಟದ್ದು. ಅದರ ಮೇಲೆ ಯಾವುದೋ ಊರಿನ ಟೂರ್ನಿಯ ಹೆಸರು ಅರ್ಧ ಅಳಿಸಿತ್ತು.

ಅವನು ಇಟಲಿಯವನು, ಸಮುದ್ರದಂಚಿನ ಒಂದು ಸಣ್ಣ ಊರಿನ ಹುಡುಗ. ವಯಸ್ಸು ಇಪ್ಪತ್ಮೂರು, ನನಗಿಂತ ಒಂದು ವರ್ಷ ದೊಡ್ಡವನು. ಟೆನ್ನಿಸ್ ಅವನ ಉದ್ಯೋಗ. ಟಿವಿಯಲ್ಲಿ ಬರುವವರ ಟೆನ್ನಿಸ್ ಅಲ್ಲ. ಟೂರ್ನಿ ಶುರುವಾಗುವ ಮೊದಲೇ ಖಾಲಿ ಗ್ಯಾಲರಿಗಳ ಮುಂದೆ ಅರ್ಹತಾ ಪಂದ್ಯಗಳನ್ನು ಆಡಿ, ಗೆದ್ದರೆ ಮುಖ್ಯ ಸುತ್ತಿಗೆ ಸೇರಿ, ಸೋತರೆ ಮುಂದಿನ ಊರಿಗೆ ಹೋಗುವವರ ಟೆನ್ನಿಸ್. ಇಂಥ ಆಟಗಾರರನ್ನು ಟೂರ್ನಿ ನಡೆಸುವ ಕ್ಲಬ್ಬಿನವರು ಊರಿನ ಮನೆಗಳಲ್ಲಿ ಇಳಿಸುತ್ತಾರೆ. ಶನಿವಾರಗಳಂದು ಪಾರ್ಕಿನ ಕೋರ್ಟಿನಲ್ಲಿ ತಮ್ಮ ಹಾಗೆ ಮಂಡ್ಯ, ಹಾಸನದಿಂದ ಈ ದೇಶಕ್ಕೆ ಬಂದು ನೆಲೆಸಿದ ಗೆಳೆಯರ ಜೊತೆ ಡಬಲ್ಸ್ ಆಡುವ ಅಪ್ಪನಿಗೆ ಆ ಇಮೇಲು ಬಂದಾಗ ಅವರು ಯಾರನ್ನೂ ಕೇಳಲಿಲ್ಲ. "ಗೆಸ್ಟ್ ರೂಮು ಖಾಲಿ ಬಿದ್ದಿದೆಯಲ್ಲ" ಎಂದು ನಮ್ಮ ಬೆರ್ರಿಯೆಸಾದ ವಿಳಾಸ ಬರೆದು ಕಳಿಸಿಬಿಟ್ಟರು.

ಶುಕ್ರವಾರ ಸಂಜೆ ಎರಡು ಚೀಲ ಹೊತ್ತು ಬಂದ. ಬಾಗಿಲಲ್ಲಿ ಚಪ್ಪಲಿಗಳ ರಾಶಿ ನೋಡಿ ತಾನೇ ಶೂ ಬಿಚ್ಚಿದ. ಅಲ್ಲಿಗೆ ಅಮ್ಮನ ಲೆಕ್ಕದಲ್ಲಿ ಅವನು ಪಾಸಾದ. ಊಟಕ್ಕೆ ಏನು ಬೇಕೆಂದು ಕೇಳಿದರೆ ಬಿಳಿ ಅನ್ನ, ಸ್ವಲ್ಪ ಎಣ್ಣೆ, ಉಪ್ಪು ಎಂದ. ಪಂದ್ಯದ ದಿನಗಳಲ್ಲಿ ಅವನು ಬೇರೇನೂ ತಿನ್ನುತ್ತಿರಲಿಲ್ಲ.

"ಇದೇನೇ ಇದು, ಜ್ವರ ಬಂದವರ ಊಟ" ಎಂದು ಅಮ್ಮ ನನ್ನ ಕಿವಿಯಲ್ಲಿ ಹೇಳಿದಳು. "ತುಪ್ಪ ಹಾಕಲಾ ಕೇಳು. ಎಣ್ಣೆ ಅನ್ನ ತಿಂದು ಯಾರು ಗೆದ್ದಿದಾರೆ?"

"ಅವನು ಅಥ್ಲೀಟು ಕಣೇ, ಸುಮ್ನಿರು" ಎಂದರು ಅಪ್ಪ.

"ನೀವೂ ಶನಿವಾರ ಅಥ್ಲೀಟೇ. ಆಡಿ ಬಂದು ಆರು ಇಡ್ಲಿ ತಿಂತೀರಿ."

ಅವನಿಗೆ ಮಾತು ಅರ್ಥವಾಗಲಿಲ್ಲ, ಆದರೆ ಯಾರು ಯಾರನ್ನು ಗೋಳುಹೊಯ್ದುಕೊಳ್ಳುತ್ತಿದ್ದಾರೆಂದು ತಿಳಿದು ನಕ್ಕ. ನಾವು ಅವನೊಡನೆ ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.

ನಾನು ಡೈರಿ ಬರೆಯುವುದನ್ನು ನೋಡಿ ಅವನು ಒಂದು ಕೆಲಸ ಕೊಟ್ಟ. ಅವನ ಕೋಚ್ ಈ ಪ್ರವಾಸಕ್ಕೆ ಬಂದಿರಲಿಲ್ಲ. ಮೊದಲ ಸರ್ವ್ ಒಳಗೆ ಬಿದ್ದರೆ ಒಂದು ಗೀಟು, ಹೊರಗೆ ಹೋದರೆ ಸೊನ್ನೆ, ಎರಡನೆಯದೂ ಹಾಳಾದರೆ ಅಡ್ಡಗೀಟು: ಇಷ್ಟು ಗುರುತು ಹಾಕಿಕೊಡಲು ಸಾಧ್ಯವೇ ಎಂದು ಕೇಳಿದ. ನನಗೆ ಅದಕ್ಕಿಂತ ಇಷ್ಟವಾದ ಕೆಲಸ ಬೇರೆ ಇರಲಿಲ್ಲ. ಆಫೀಸಿಗೆ ರಜೆ ಹಾಕಿ ಪಂದ್ಯಗಳಿಗೆ ಹೋದೆ.

ಭಾನುವಾರ ಗೆದ್ದ. ಹಸಿರು ಗೀಟುಗಳು ಬೇಲಿಯ ಹಾಗೆ ಒತ್ತಾಗಿ ನಿಂತಿವೆ. ಸೋಮವಾರ ಅರ್ಹತಾ ಸುತ್ತಿನ ಕೊನೆಯ ಪಂದ್ಯ, ಗೆದ್ದರೆ ಮುಖ್ಯ ಸುತ್ತು. ಮೂರನೆಯ ಸೆಟ್ಟಿನವರೆಗೂ ಅವನೇ ಮುಂದಿದ್ದ. ಆಮೇಲೆ ಸರ್ವ್ ಮಾಡುವ ಮೊದಲು ಚೆಂಡನ್ನು ನೆಲಕ್ಕೆ ಬಡಿಯುವುದು ಹೆಚ್ಚಾಗುತ್ತ ಹೋಯಿತು. ಅಷ್ಟು ಹೊತ್ತು ಬಡಿದ ಚೆಂಡು ನೆಟ್ಟಿಗೆ ಹೋಗುತ್ತಿತ್ತು. ಸೆಟ್ಟು ನಿರ್ಧರಿಸುವ ಟೈಬ್ರೇಕಿನಲ್ಲಿ ಎರಡು ಅಡ್ಡಗೀಟು. ಎದುರಾಳಿ ಕೈ ಕುಲುಕುವಾಗ ಅವನ ಬೆನ್ನು ತಟ್ಟಿದ. ಗ್ಯಾಲರಿಯಲ್ಲಿ ಹತ್ತು ಜನರೂ ಇರಲಿಲ್ಲ.

ಆ ಸಂಜೆ ಅಡುಗೆಮನೆಯ ಮೇಜಿನ ಮೇಲೆ ರಾಕೆಟ್ಟುಗಳನ್ನು ಹರವಿಕೊಂಡು ಹಿಡಿಗಳಿಗೆ ಹೊಸ ಟೇಪು ಸುತ್ತುತ್ತ ಕೂತಿದ್ದ. ಪಕ್ಕದಲ್ಲೇ ಅಮ್ಮ ಮರುದಿನದ ಗಣೇಶನ ಹಬ್ಬಕ್ಕೆ ಕಡುಬಿನ ಹೂರಣ ಮಾಡುತ್ತಿದ್ದಳು. ಸೋತಮೇಲೂ ಟೇಪು ಯಾಕೆ ಎಂದು ನಾನು ಕೇಳಿದೆ. ಆಗ ಹೇಳಿದ.

ಕೊನೆಯ ಅರ್ಹತಾ ಪಂದ್ಯದಲ್ಲಿ ಸೋತವರಿಗೆ ಒಂದು ಕಿರುದಾರಿ ಇದೆ. ಮಾರನೆಯ ಬೆಳಿಗ್ಗೆ ಒಂಬತ್ತೂವರೆಯೊಳಗೆ ಕ್ಲಬ್ಬಿಗೆ ಹೋಗಿ ಒಂದು ಹಾಳೆಯಲ್ಲಿ ಸಹಿ ಹಾಕಬೇಕು. ಮುಖ್ಯ ಸುತ್ತಿನ ಯಾರಾದರೂ ಗಾಯವೆಂದು ಹಿಂದೆ ಸರಿದರೆ, ಸಹಿ ಹಾಕಿದವರಲ್ಲಿ ಒಬ್ಬರಿಗೆ ಆ ಜಾಗ ಸಿಗುತ್ತದೆ.

"ನಿನಗೆ ಯಾವಾಗಲಾದರೂ ಸಿಕ್ಕಿದೆಯಾ?"

"ಇಲ್ಲ. ಎಷ್ಟು ಊರಲ್ಲಿ ಸಹಿ ಹಾಕಿದ್ದೇನೋ ನನಗೇ ನೆನಪಿಲ್ಲ. ಒಂದು ಸಲವೂ ಕರೆದಿಲ್ಲ." ಟೇಪಿನ ತುದಿಯನ್ನು ಹಲ್ಲಿನಿಂದ ಹರಿದ. "ಆದರೂ ಹಾಕುತ್ತೇನೆ. ಅಪ್ಪ ಫೋನಿನಲ್ಲಿ ಕೇಳುತ್ತಾನೆ, ಸಹಿ ಹಾಕಿದೆಯಾ ಅಂತ."

ಆ ಋತು ಮುಗಿಯುವುದರೊಳಗೆ ಶ್ರೇಯಾಂಕ ಏರದಿದ್ದರೆ ಊರಿಗೆ ಮರಳಿ ಅಲ್ಲಿನ ಕ್ಲಬ್ಬಿನಲ್ಲಿ ಮಕ್ಕಳಿಗೆ ಆಟ ಕಲಿಸುವುದೆಂದು ಅವನೂ ಅವನ ತಂದೆಯೂ ಒಪ್ಪಂದ ಮಾಡಿಕೊಂಡಿದ್ದರು. ಅವನಿಗೆ ಉಳಿದಿದ್ದ ಟೂರ್ನಿಗಳಲ್ಲಿ ಇದೇ ದೊಡ್ಡದು. ಇಲ್ಲಿ ಮುಖ್ಯ ಸುತ್ತಿನಲ್ಲಿ ಒಂದು ಪಂದ್ಯ ಗೆದ್ದರೆ ಮುಂದಿನ ವರ್ಷದ ಬಾಗಿಲು ತೆರೆದಿರುತ್ತಿತ್ತು. ಇದನ್ನೆಲ್ಲ ಬೇರೆ ಯಾರದೋ ವಿಷಯವೆಂಬಂತೆ ಹೇಳಿ, ಅಮ್ಮ ಕೈಗಿಟ್ಟ ಹೂರಣದ ಉಂಡೆ ತಿಂದ. ಪಂದ್ಯವಿರಲಿಲ್ಲವಲ್ಲ, ತಿನ್ನಬಹುದಿತ್ತು.

ಮಂಗಳವಾರ ಹಬ್ಬ. ನಮ್ಮಲ್ಲಿ ಪುರೋಹಿತರು ಮನೆಗೆ ಬರುವುದಿಲ್ಲ. ಹಬ್ಬದ ದಿನ ಅವರಿಗೆ ಎಲ್ಲ ಕಡೆಯಿಂದಲೂ ಕರೆ. ಆದ್ದರಿಂದ ಸಾಂಟಾ ಕ್ಲಾರಾದ ತಮ್ಮ ಮನೆಯಲ್ಲಿ ಕೂತು ಒಂದೇ ವಿಡಿಯೋ ಕಾಲಿನಲ್ಲಿ ಏಳೆಂಟು ಮನೆಗಳಿಗೆ ಒಟ್ಟಿಗೆ ಪೂಜೆ ಮಾಡಿಸುತ್ತಾರೆ. ಏಳೂವರೆಗೆ ಶುರು, ಎಂಟೂಕಾಲಿಗೆ ಮಂಗಳಾರತಿ ಎಂದು ಹೇಳಿದ್ದರು. ಎಂಟೂವರೆಗೆ ನಾನು ಅವನನ್ನು ಕಾರಿನಲ್ಲಿ ಕರೆದುಕೊಂಡು ಹೊರಟರೆ ಬೆಳಗಿನ ಟ್ರಾಫಿಕ್ಕಿನಲ್ಲೂ ಸಮಯ ಸಾಕಾಗುತ್ತಿತ್ತು.

ಅವನು ಬೇಗನೆ ಸ್ನಾನ ಮಾಡಿ ಬಂದು, ಪಂಚೆ ಉಟ್ಟು ಕೂತಿದ್ದ ಅಪ್ಪನ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತ. ಲ್ಯಾಪ್‌ಟಾಪಿನ ಪರದೆ ತುಂಬ ಗಣಪತಿಗಳು.

"ನೆವಾರ್ಕ್‌ನವರು ಮ್ಯೂಟ್ ತೆಗೀರಿ" ಎಂದರು ಪುರೋಹಿತರು. "ಎಲ್ರೂ ಗರಿಕೆ ಇಟ್ಕೊಂಡಿದ್ದೀರಾ?"

"ಸ್ವಾಮಿ, ಗರಿಕೆ ಕಾರಲ್ಲೇ ಬಿಟ್ಬಿಟ್ಟಿದೀವಿ. ನಮ್ಮನೆಯವರು ತರಕ್ಕೆ ಹೋಗಿದಾರೆ."

ಕಾದೆವು. ಹೋದವರು ಬರಲೇ ಇಲ್ಲ.

"ಕಾರೇನು ಪಕ್ಕದೂರಲ್ಲಿ, ಫ್ರೀಮಾಂಟಲ್ಲಿ ನಿಲ್ಸಿದಾರಾ?" ಎಂದರು ಅಪ್ಪ.

"ಶ್ಶ್! ನಾವೂ ಮ್ಯೂಟಲ್ಲಿಲ್ಲ ರೀ" ಎಂದಳು ಅಮ್ಮ.

ಪುರೋಹಿತರು ಕೆಮ್ಮಿದರು. ಆಮೇಲೆ ಸಂಕಲ್ಪ ಶುರುವಾಯಿತು: ಯಾರ ಹೆಸರಿನಲ್ಲಿ, ಏನನ್ನು ಬೇಡಿ ಈ ಪೂಜೆ ಎಂದು ದೇವರಿಗೆ ಹೇಳುವ ಭಾಗ. ನಮ್ಮ ಸರದಿ ಬಂದಾಗ ಅಮ್ಮ ಪರದೆಯ ಹತ್ತಿರ ಬಾಗಿದಳು.

"ಸ್ವಾಮಿ, ನಮ್ಮನೇಲಿ ಒಬ್ಬ ಹುಡುಗ ಇದಾನೆ, ಗೆಸ್ಟು. ಟೆನ್ನಿಸ್ ಆಡ್ತಾನೆ. ನಿನ್ನೆ ಪಾಪ ಸೋತ್ಬಿಟ್ಟ. ಅವನ ಹೆಸರಲ್ಲೂ ಮಾಡ್ಸಿ, ಗೆಲ್ಲಲಿ ಅಂತ."

"ಆಗ್ಲಮ್ಮ. ಗೋತ್ರ?"

"ಇಟಲಿ" ಎಂದರು ಅಪ್ಪ.

ಆರೇಳು ಮನೆಗಳಲ್ಲಿ ನಗು ಕೇಳಿಸಿತು. "ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ ಅಂತ ಹೇಳೋ ಪದ್ಧತಿ ಇದೆ" ಎಂದರು ಪುರೋಹಿತರು. "ನಕ್ಷತ್ರ?"

ಅಮ್ಮ ನನ್ನ ಕಡೆ ತಿರುಗಿ, ಅವನು ಹುಟ್ಟಿದ ದಿನ, ಹೊತ್ತು ಕೇಳು ಎಂದಳು. ದಿನ ಹೇಳಿದ, ಹೊತ್ತು ಅವನಿಗೆ ಗೊತ್ತಿರಲಿಲ್ಲ. ತಾಯಿಗೆ ಮೆಸೇಜು ಮಾಡಿದ. ಇಟಲಿಯಿಂದ ಉತ್ತರ ಬಂತು, ಜೊತೆಗೆ ಏನಾಯಿತೆಂಬ ಗಾಬರಿಯ ಪ್ರಶ್ನೆಯೂ ಬಂತು. ಪುರೋಹಿತರು ಹಳೆಯ ಪಂಚಾಂಗ ತರಲು ಒಳಗೆ ಹೋದರು. ಪರದೆಯ ಮೇಲೆ ಅವರ ಖಾಲಿ ಮಣೆ ಕಾಣುತ್ತಿತ್ತು. ಗಂಟೆ ಎಂಟು ದಾಟಿ ಹೋಗಿತ್ತು.

"ಅಮ್ಮಾ, ಒಂಬತ್ತೂವರೆಗೆ ಅವನು ಅಲ್ಲಿ ಸೈನ್ ಮಾಡ್ಬೇಕು" ಎಂದೆ.

"ಇವತ್ತು ಆಟ ಇಲ್ವಲ್ಲ ಅವನಿಗೆ?"

"ಆಟ ಇಲ್ಲ. ಆದ್ರೆ ಸೈನ್ ಮಾಡಿದ್ರೆ..."

"ಬರೀ ಸೈನು ತಾನೇ? ಐದು ನಿಮಿಷ ಕಣೇ. ಅವನ ಹೆಸರಲ್ಲೇ ಸಂಕಲ್ಪ ಆಗ್ತಿದೆ. ಮಂಗಳಾರತಿ ತಗೊಳ್ದೆ ಮಧ್ಯ ಎದ್ದು ಹೋದ್ರೆ ಆಗುತ್ತಾ? ಅವನಿಗೇ ಒಳ್ಳೇದಲ್ಲ."

ನಾನು ಕಾರಿನ ಕೀ ತಂದು ಅವನ ಮುಂದೆ ಹಿಡಿದು, ಈಗ ಹೊರಡಬೇಕು ಎಂದೆ. ಅವನು ಅರ್ಧ ಎದ್ದ. ಅಮ್ಮನ ಮುಖ ನೋಡಿದ. "ನಿನ್ನ ಅಮ್ಮ ಏನೆಂದಳು?" ಎಂದು ಕೇಳಿದ. ಹೇಳಿದೆ. ಅವನು ಮತ್ತೆ ಕೂತ. "ನನ್ನ ಅಜ್ಜಿಯೂ ಚರ್ಚಿನಲ್ಲಿ ಮಧ್ಯೆ ಏಳಲು ಬಿಡುವುದಿಲ್ಲ. ಇರಲಿ. ಹೇಗೂ ಅವರು ಕರೆಯುವುದಿಲ್ಲ."

ಅವನದು ಸ್ವಾತಿ ನಕ್ಷತ್ರ ಎಂದು ಪುರೋಹಿತರು ಪತ್ತೆ ಮಾಡಿದರು. ಅಮ್ಮ ಅದನ್ನು ಕ್ಯಾಲೆಂಡರಿನ ಅಂಚಿನಲ್ಲಿ ಬರೆದುಕೊಂಡಳು. ಮಂಗಳಾರತಿ ತೆಗೆದುಕೊಂಡು ನಾವು ಕಾರು ಹತ್ತಿದಾಗ ಒಂಬತ್ತಕ್ಕೆ ಹತ್ತು ನಿಮಿಷ.

ಫ್ರೀವೇ ಮೇಲೆ ಕಾರುಗಳು ನಿಂತು ನಿಂತು ಹೋಗುತ್ತಿದ್ದವು. ಅವನು ಗಡಿಯಾರ ನೋಡಲಿಲ್ಲ. "ನಿಮ್ಮಲ್ಲಿ ಐದು ನಿಮಿಷ ಅಂದರೆ ಎಷ್ಟು?" ಎಂದು ಕೇಳಿದ. ಇಬ್ಬರೂ ನಕ್ಕೆವು.

ಕ್ಲಬ್ಬಿನ ಕಚೇರಿಯ ಮೇಜಿನ ಹಿಂದೆ ಕೂತಿದ್ದ ಅಧಿಕಾರಿ ಮೊದಲು ಅವನ ಹಣೆಯ ಕುಂಕುಮ ನೋಡಿದರು. ಕೂದಲಲ್ಲಿ ಅಕ್ಷತೆಯ ಕಾಳುಗಳಿದ್ದವು. ಆಮೇಲೆ ಗೋಡೆಯ ಗಡಿಯಾರ ನೋಡಿ ತಲೆಯಾಡಿಸಿದರು. ಒಂಬತ್ತೂವರೆ ದಾಟಿ ಆರು ನಿಮಿಷವಾಗಿತ್ತು. ಹಾಳೆಯನ್ನು ಎತ್ತಿಟ್ಟಾಗಿತ್ತು.

"ಯಾರಾದರೂ ಹಿಂದೆ ಸರಿದರಾ?" ಎಂದು ಅವನು ಕೇಳಿದ. ಅಭ್ಯಾಸಬಲದಿಂದ ಕೇಳಿದಂತಿತ್ತು.

ಅಧಿಕಾರಿ ಎತ್ತಿಟ್ಟ ಹಾಳೆಯನ್ನು ಮತ್ತೆ ತೆರೆದು ನೋಡಿದರು. "ಒಬ್ಬರು. ಬೆನ್ನುನೋವು. ಬೆಳಿಗ್ಗೆ ಹೇಳಿದರು."

"ಹಾಳೆಯಲ್ಲಿ ನಾನಿದ್ದಿದ್ದರೆ?"

"ಸೋತವರಲ್ಲಿ ನಿನ್ನ ಶ್ರೇಯಾಂಕವೇ ಮೇಲಿನದು. ಸಹಿ ಹಾಕಿದ್ದರೆ ನಿನ್ನನ್ನೇ ಕರೆಯಬೇಕಿತ್ತು. ಕ್ಷಮಿಸು."

ಅವನು ಥ್ಯಾಂಕ್ಸ್ ಹೇಳಿದ. ಕಿಟಕಿಯಾಚೆ, ಆ ಜಾಗ ಸಿಕ್ಕಿದ ಹುಡುಗ ಫೋನಿನಲ್ಲಿ ಯಾರಿಗೋ ಕೂಗಿ ಸುದ್ದಿ ಹೇಳುತ್ತ ಓಡಾಡುತ್ತಿದ್ದ. ಇವನು ಹಿಂದಿನ ಕೋರ್ಟಿಗೆ ಹೋಗಿ ಒಂದು ಬುಟ್ಟಿ ಚೆಂಡು ಸುರಿದುಕೊಂಡು, ಎದುರು ಯಾರೂ ಇಲ್ಲದ ಕಡೆಗೆ ಸರ್ವ್ ಮಾಡಿದ. ನಾನು ರೂಢಿಯಂತೆ ಡೈರಿ ತೆರೆದೆ. ಒಂದರ ಹಿಂದೆ ಒಂದು ಎಲ್ಲ ಒಳಗೇ ಬಿದ್ದವು. ಅಷ್ಟು ಚೆನ್ನಾಗಿ ಅವನು ಸರ್ವ್ ಮಾಡಿದ್ದನ್ನು ನಾನು ಮೊದಲು ನೋಡಿರಲಿಲ್ಲ. ಅರ್ಧಕ್ಕೆ ಗೀಟು ಹಾಕುವುದನ್ನು ಬಿಟ್ಟೆ.

ವಾಪಸ್ಸು ಬರುವಾಗ ಫೋನು ಬಂತು. ಇಟಾಲಿಯನ್ ನನಗೆ ಬರುವುದಿಲ್ಲ. ಆದರೆ ಅವನ ತಂದೆ ಏನು ಕೇಳಿದರೆಂದು ಗೊತ್ತಿತ್ತು. ಇವನು ಒಂದೇ ಅಕ್ಷರದ ಉತ್ತರ ಕೊಟ್ಟ. ಅದು ಹೌದು ಎಂಬ ಶಬ್ದವೆಂದು ಮಾತ್ರ ನನಗೆ ಗೊತ್ತು. ಫೋನಿಟ್ಟಮೇಲೆ, "ನಿನ್ನ ಅಮ್ಮನಿಗೂ ಹೇಳಬೇಡ" ಎಂದ.

ಮಧ್ಯಾಹ್ನ ಅಮ್ಮ ಬಾಳೆಎಲೆ ಹಾಕಿ ಕಡುಬು ಬಡಿಸಿದಳು. "ಸೈನ್ ಆಯ್ತಾ?" ಎಂದು ಕೇಳಿದಳು. ಅವನು ಹೆಬ್ಬೆರಳೆತ್ತಿ ತೋರಿಸಿದ. "ನೋಡಿದ್ಯಾ, ಸುಮ್ನೆ ಗಡಿಬಿಡಿ ಮಾಡ್ದೆ ನೀನು" ಎಂದು ನನಗೆ ಹೇಳಿ ಅವನ ಎಲೆಗೆ ಇನ್ನೆರಡು ಹಾಕಿದಳು. ಎರಡನ್ನೂ ತಿಂದ.

ಅವನ ಬದಲು ಆಡಿದ ಹುಡುಗ ಒಂದು ಪಂದ್ಯ ಗೆದ್ದ. ಗುರುವಾರ ಅಪ್ಪ ನಮ್ಮ ಅತಿಥಿಯನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟುಬಂದರು. "ಏನೇ ಹೇಳು, ಒಳ್ಳೇ ಹುಡುಗ. ಸೋತ ಅಂತ ಒಂದಿನ ಮುಖ ಸಣ್ಣ ಮಾಡ್ಲಿಲ್ಲ" ಎಂದರು.

ಆಮೇಲಿನ ವಾರಗಳಲ್ಲಿ ಆಫೀಸಿನ ಮೀಟಿಂಗುಗಳ ನಡುವೆ ಮೇಜಿನ ಕೆಳಗೆ ಫೋನು ಹಿಡಿದು ಅವನ ಸ್ಕೋರು ನೋಡುತ್ತಿದ್ದೆ. ನನಗೆ ಗೊತ್ತಿಲ್ಲದ ಊರುಗಳು. ಡೈರಿಯಲ್ಲಿ ಹಸಿರು ಅಕ್ಷರಗಳು ಹೀಗಿವೆ: ಸೋಲು. ಸೋಲು. ಗೆಲುವು, ಮರುದಿನ ಸೋಲು. ಸೋಲು. ಋತುವಿನ ಕೊನೆಗೆ ಒಂದು ಟೂರ್ನಿಯ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ. ಮುಂದಿನ ವಾರದ ಪಟ್ಟಿಯಲ್ಲೂ ಇರಲಿಲ್ಲ. ಚಳಿಗಾಲದಲ್ಲಿ ಒಂದು ಫೋಟೋ ಕಳಿಸಿದ: ಮಣ್ಣಿನ ಕೋರ್ಟು, ತಮಗಿಂತ ದೊಡ್ಡ ರಾಕೆಟ್ಟು ಹಿಡಿದ ಪುಟಾಣಿಗಳ ಸಾಲು, ತುದಿಯಲ್ಲಿ ಚೆಂಡಿನ ಬುಟ್ಟಿ ಹಿಡಿದ ಅವನು. "ಇವರಲ್ಲಿ ಯಾರಿಗೂ ಸರ್ವ್ ಬರುವುದಿಲ್ಲ" ಎಂದು ಬರೆದಿದ್ದ. ನಾನು ನಗುವ ಚಿತ್ರ ಕಳಿಸಿದೆ. ಅವನು ಮತ್ತೆ ಬರೆಯಲಿಲ್ಲ.

ಈ ವರ್ಷ ಹಬ್ಬಕ್ಕೆ ಅದೇ ಪುರೋಹಿತರು, ಅದೇ ಪರದೆ. ಅಮ್ಮ ಹಳೆಯ ಕ್ಯಾಲೆಂಡರಿನ ಹಾಳೆಯನ್ನು ತೆಗೆದಿಟ್ಟುಕೊಂಡಿದ್ದಳು.

"ಸ್ವಾಮಿ, ಹೋದ್ಸಲ ಇದ್ನಲ್ಲ, ಟೆನ್ನಿಸ್ ಹುಡುಗ. ಅವನ ಹೆಸರಲ್ಲೂ ಸಂಕಲ್ಪ. ಕಾಶ್ಯಪ ಗೋತ್ರ, ಸ್ವಾತಿ ನಕ್ಷತ್ರ."

"ಹೇಗೆ ಆಡ್ತಿದಾನಮ್ಮ ಈಗ?"

ಅಮ್ಮ ನನ್ನ ಕಡೆ ನೋಡಿದಳು. ಯಾವಾಗ ಕೇಳಿದರೂ ನಾನು ಕೊಡುತ್ತಿದ್ದ ಉತ್ತರವನ್ನೇ ಕೊಟ್ಟೆ: "ಆಡ್ತಿದಾನೆ."

"ಆಡ್ತಿದಾನಂತೆ ಸ್ವಾಮಿ. ಈ ವರ್ಷನಾದ್ರೂ ಗೆಲ್ಲಲಿ ಅಂತ ಹೇಳ್ಬಿಡಿ."

ಪುರೋಹಿತರು ಹೇಳಿದರು. ಅಪ್ಪ, ಅಮ್ಮ, ನಾನು ಮೂವರೂ ಅಕ್ಷತೆ ಹಾಕಿದೆವು. ನೆವಾರ್ಕ್‌ನವರು ಗರಿಕೆ ಮರೆತಿರಲಿಲ್ಲ, ಯಾರ ನಕ್ಷತ್ರವನ್ನೂ ಹುಡುಕಬೇಕಾಗಿರಲಿಲ್ಲ. ಎಂಟೂಕಾಲಿಗೆ ಸರಿಯಾಗಿ ಮಂಗಳಾರತಿ ಮುಗಿಯಿತು.