ಬರದವರನ್ನು ಹುಡುಕಿ ಹೋಗುತ್ತಿದ್ದ ಉಸ್ತಾದರು

ಮಳೆಗೆ ತುಕ್ಕು ಹಿಡಿಯದಿರಲೆಂದು ಮೊನ್ನೆ ಗೇಟಿನ ಚಿಲಕಕ್ಕೆ ತೆಂಗಿನೆಣ್ಣೆ ಸವರುತ್ತಿದ್ದೆ. ಎಣ್ಣೆ ಕುಡಿದ ಕಬ್ಬಿಣದ ಆ ವಾಸನೆ ಬೆರಳಿಗೆ ಹತ್ತಿದ್ದೇ ತಡ, ಗೋವಾದ ಚಿಂಬಲ್‌ನ ಉಸ್ತಾದರು ನೆನಪಾದರು... ಅವರ ಜಿಮ್ಮಿನ ಡಂಬೆಲ್‌ಗಳಿಗೆಲ್ಲ ಇದೇ ವಾಸನೆಯಿತ್ತು.

ವಿಜಯಪುರದ ಕಡೆಯವರು. ಹರೆಯದಲ್ಲಿ ಕುಸ್ತಿ ಆಡಿದವರು, ಗೋವಾಕ್ಕೆ ಬಂದು ಲಾರಿ ಓಡಿಸಿದವರು. ವಯಸ್ಸಾದ ಮೇಲೆ ನಮ್ಮ ಓಣಿಯ ತಗಡಿನ ಶೆಡ್ಡಿನಲ್ಲಿ ಜಿಮ್ ತೆರೆದರು. ಜಾಗ ಅವರ ಭಾವಮೈದುನನದು, ಲೆಕ್ಕಾಚಾರವೂ ಅವನದೇ. ತಿಂಗಳ ಫೀ ದುಬಾರಿ ಇಟ್ಟು, ವರ್ಷದ್ದನ್ನು ಒಮ್ಮೆಲೇ ಕಟ್ಟಿದರೆ ಅರ್ಧ ರೇಟು ಎಂದು ಬೋರ್ಡು ಬರೆಸಿದವನು ಅವನು. ಸಂಜೆ ಸ್ವಲ್ಪ ಹೊತ್ತು ಹೆಂಗಸರಿಗೆಂದೇ ಮೀಸಲು. ವೆರ್ಣಾದ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕಿದ್ದ ನನಗೆ ನಿಂತು ನಿಂತು ಸೊಂಟ ಹಿಡಿದಿತ್ತು. ಅರ್ಧಕ್ಕೆ ಸಿಗುತ್ತದಲ್ಲ ಎಂದು ವರ್ಷದ್ದೇ ಕಟ್ಟಿದೆ. ಕಟ್ಟಿದ ದಿನವೇ ಸೊಂಟ ಅರ್ಧ ವಾಸಿಯಾದಂತೆ ಅನಿಸಿತು! ಒಂದು ವಾರ ಹೋದೆ. ಆಮೇಲೆ ಬಿಟ್ಟೆ.

ಒಂದು ಸಂಜೆ ಕಂಪನಿ ಬಸ್ಸಿಳಿದು ಬಂದರೆ ನಮ್ಮ ಬಾಗಿಲಲ್ಲಿ ಉಸ್ತಾದರು. ಬಾಕಿ ವಸೂಲಿಗೆ ಬಂದಿದ್ದಾರೆಂದು ಅಕ್ಕಪಕ್ಕದವರೆಲ್ಲ ಸೇರಿದ್ದರು. ನನ್ನ ಅತ್ತೆ ಗಾಬರಿಯಿಂದ, "ಎಷ್ಟು ಬಾಕಿ ಐತ್ರಿ?" ಎಂದರು.

"ರೊಕ್ಕ ಪೂರಾ ಬಂದೈತ್ರಿ ಅವ್ವಾರ. ಇಕೀನ ಬಾಕಿ ಅದಾಳ!"

ಓಣಿಯೆಲ್ಲ ನಕ್ಕಿತು. ನಾನು ನಾಚುತ್ತ ಅವರ ಹಿಂದೆ ಹೋದೆ.

ಹೀಗೆ ಫೀ ಕಟ್ಟಿ ಬರದವರ ಮನೆಮನೆಗೂ ಹೋದರು. ಗೌಂಡಿಗಳು, ಡ್ರೈವರ್‌ಗಳು, ಕಲಂಗುಟ್‌ನ ಹೋಟೆಲ್ ಕೆಲಸದವರು ಎಲ್ಲರೂ ಬಂದರು. ಬಂದದ್ದೇ ಪೇಚಾಯಿತು. ಶೆಡ್ಡು ಹಿಡಿಸುವುದು ಹತ್ತು ಜನರನ್ನು, ಫೀ ಕಟ್ಟಿದ್ದು ಅರ್ಧ ಊರು. ಇದ್ದ ಒಂದು ಬೆಂಚಿಗೆ ನಲ್ಲಿ ನೀರಿಗೆ ನಿಂತಂತೆ ಪಾಳಿ. ಫ್ಯಾನು ಸುಟ್ಟಿತು. ಭಾವಮೈದುನ ಎಲ್ಲರೆದುರೇ ರೇಗಿದ.

"ಬರದವರ ರೊಕ್ಕದಾಗ ಜಿಮ್ ನಡೀತೈತಿ ಭಾವಾ. ಮಲಗಿದವ್ರನ್ನ ಯಾಕ ಎಬ್ಬಸಾಕತ್ತೀರಿ?"

"ಅವ್ರು ಬರಲಿಲ್ಲಂದ್ರ ನಾ ಮಾರಿದ್ದರ ಏನಪಾ? ಬರೇ ಆಸಿ ಮಾರಿದಂಗಾತು."

ಅವನು ಶೆಡ್ಡು ಬಿಡಿಸಿಕೊಂಡ. ಉಸ್ತಾದರು ತಮ್ಮ ಮನೆಯ ಹಿತ್ತಲಲ್ಲೇ ತಾಡಪತ್ರಿ ಕಟ್ಟಿದರು. ಕಬ್ಬಿಣವನ್ನೆಲ್ಲ ನಾವೇ ಹೊತ್ತು ಸಾಗಿಸಿದೆವು. ವರ್ಷದ ಫೀ ಕಟ್ಟಿದವರು ಅದು ಮುಗಿಯುವವರೆಗೆ ಬರಬಹುದು, ಆಮೇಲೆ ಬಂದ ದಿನ ಒಂದು ಚಹಾದ ದುಡ್ಡು ಕೊಟ್ಟರೆ ಸಾಕು. ಆದರೆ ಮನಸ್ಸು ಅಲ್ಲೂ ಆಟ ಹೂಡಿತು. ದಣಿದ ದಿನ, ಹೋಗದಿದ್ದರೆ ಚಹಾದ ದುಡ್ಡಾದರೂ ಉಳಿಯಿತು ಎಂದು ಮನೆಯಲ್ಲೇ ಕೂರುತ್ತಿದ್ದೆವು. ಅದು ಗೊತ್ತಾದಾಗ ಉಸ್ತಾದರು ಹೊಟ್ಟೆ ಹಿಡಿದು ನಕ್ಕರು. ವಾರವಿಡೀ ತಪ್ಪದೆ ಬಂದವರಿಗೆ ಮುಂದಿನ ವಾರ ಪುಕ್ಕಟೆ ಎಂದು ಸಾರಿದರು. ಪುಕ್ಕಟೆಗೆ ಯಾರು ತಪ್ಪಿಸಿಕೊಳ್ಳುತ್ತಾರೆ? ನನ್ನ ಅತ್ತೆಯೂ ಸೀರೆಗೆ ಕಚ್ಚೆ ಹಾಕಿಕೊಂಡು ಬಂದು ಬೈಠಕ್ ಹೊಡೆದರು. ನನ್ನ ಸೊಂಟನೋವು ಹೋಯಿತು. ಉಸ್ತಾದರಿಗೆ ಉಳಿದದ್ದು ಅಷ್ಟಕ್ಕಷ್ಟೇ. ಹಗಲು ಮತ್ತೆ ಲಾರಿ ಹತ್ತಿದರು. ಸಂಜೆಯ ಹಿತ್ತಲಿನ ಗದ್ದಲದಲ್ಲಿ ಮಾತ್ರ ಅವರಷ್ಟು ಖುಷಿಯ ಮನುಷ್ಯನನ್ನು ನಾನು ಕಂಡಿಲ್ಲ...

ಅವರು ತೀರಿಕೊಂಡು ಕೆಲವು ವರ್ಷಗಳಾದವು. ಈಗ ನಾನು ಪಣಜಿಯ ಎಸಿ ಜಿಮ್ಮಿಗೆ ವರ್ಷದ ಫೀ ಕಟ್ಟಿದ್ದೇನೆ. ಬೆಂಚುಗಳು ಸದಾ ಖಾಲಿ. ಆರಾಮವಾಗಿದೆ, ಸುಳ್ಳೇಕೆ ಹೇಳಲಿ. ಹೋದ ತಿಂಗಳು ಜ್ವರ ಬಂದು ಜಿಮ್ಮಿಗೆ ಹೋಗದೆ ಮನೆಯಲ್ಲೇ ಮಲಗಿದ್ದೆ. ಹೊರಗೆ ಚಪ್ಪಲಿ ಸದ್ದಾದಾಗಲೆಲ್ಲ ತಲೆಯೆತ್ತಿ ಬಾಗಿಲ ಕಡೆ ನೋಡಿದೆ.