ಐದು ಫ್ಯಾನು, ಒಂದು ತಪ್ಪು ಸಲಹೆ

"ನೀವು ಬರೆದ ಹಾಗೆಯೇ ಮಾಡಿದೆ ಮಾರಾಯ್ರೆ. ಈಗ ವಿಮಾನ ಇಳಿಯುದೇ ಇಲ್ಲ."

ಕಳೆದ ವಾರ ಬೆಳ್ಳಂಬೆಳಿಗ್ಗೆ ಬಂದ ಫೋನಿನ ಮೊದಲ ಮಾತು ಇದು. ಹಲ್ಲುಜ್ಜುತ್ತಿದ್ದವನು ಬ್ರಷ್ ಹಿಡಿದುಕೊಂಡೇ ನಿಂತೆ. ವಿಮಾನದ ಬಗ್ಗೆ ನಾನು ಯಾವಾಗ ಬರೆದೆ?

ಫೋನ್ ಮಾಡಿದವರು ಕಡಬದ ಅಬ್ಬಾಸ್. ಸೌದಿಯ ದಮ್ಮಾಮಿನ ವಿಮಾನ ನಿಲ್ದಾಣದಲ್ಲಿ ಇಪ್ಪತ್ತಾರು ವರ್ಷ ಬೇರೆಯವರ ಲಗೇಜನ್ನು ವಿಮಾನದ ಹೊಟ್ಟೆಗೆ ತುಂಬಿಸಿದವರು. ಊರಿಗೆ ಮರಳಿದ ಮೇಲೆ ಒಂದು ಗೇಮಿಂಗ್ ಕಂಪ್ಯೂಟರ್ ತೆಗೆದುಕೊಂಡಿದ್ದಾರೆ. ಗುಂಡು ಹಾರಿಸುವ ಆಟಕ್ಕಲ್ಲ, ವಿಮಾನ ಹಾರಿಸುವ ಆಟಕ್ಕೆ. ಪೈಲಟ್ ಎದುರಿಗೆ ಇರುವಂಥದ್ದೇ ಗುಂಡಿಗಳು, ನಿಜವಾದ ಊರುಗಳ ನಕ್ಷೆ. ಅಬ್ಬಾಸರ ರೂಟ್ ಮಾತ್ರ ಒಂದೇ: ದಮ್ಮಾಮಿನಿಂದ ಮಂಗಳೂರಿಗೆ.

ಸಮಸ್ಯೆಯೂ ಒಂದೇ. ಸಮುದ್ರ ದಾಟಿ ಇನ್ನೇನು ಇಳಿಯಬೇಕು ಅನ್ನುವಾಗ ಕಂಪ್ಯೂಟರ್ ಕಾದು ಪಕ್ಕನೆ ಆಫ್ ಆಗುತ್ತಿತ್ತು.

ಆಗ ಅವರ ಕಣ್ಣಿಗೆ ಬಿದ್ದದ್ದು ಈ ಅಂಕಣ. ನಿಮಗೂ ನೆನಪಿರಬಹುದು. ಬೇಸಿಗೆಯಲ್ಲಿ ನನ್ನ ಕಂಪ್ಯೂಟರಿಗೆ ನಾನೇ ಫ್ಯಾನು ಕೂರಿಸಿದ ಸಾಹಸವನ್ನು ಬರೆದಿದ್ದೆ. 'ಗಾಳಿ ಒಳಗೆ ನುಗ್ಗಿದಷ್ಟೂ ತಂಪು, ಐದೂ ಫ್ಯಾನು ಒಳಮುಖವಾಗಿರಲಿ' ಅಂತ ಅಪ್ಪಣೆಯನ್ನೂ ಕೊಟ್ಟಿದ್ದೆ. (ಎಂಥ ಧೈರ್ಯ ನನ್ನದು!) ಅಬ್ಬಾಸ್ ಅದನ್ನು ಕತ್ತರಿಸಿ ಗೋಡೆಗೆ ಅಂಟಿಸಿ, ಅಕ್ಷರಶಃ ಪಾಲಿಸಿದರು. ಮೊದಲೆಲ್ಲ ರನ್‌ವೇ ಕಂಡ ಮೇಲೆ ಆಫ್ ಆಗುತ್ತಿದ್ದದ್ದು, ಈಗ ಕರಾವಳಿ ಕಾಣುವ ಮೊದಲೇ ಆಗುತ್ತಿದೆಯಂತೆ.

"ನಾನು ಓದಿದ್ದರಲ್ಲೇ ಎಂತದೋ ತಪ್ಪಿರ್ಬೇಕು. ನಿಮ್ಮತ್ರ ಕೇಳುವ ಅಂತ ಮಾಡಿದ್ದು" ಅಂದರು.

ಭಾನುವಾರ ಪುತ್ತೂರಿನಿಂದ ಕಡಬದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕಾರಣಗಳನ್ನು ಜೋಡಿಸಿಕೊಂಡೆ. ಧೂಳು ಇರಬಹುದು. ವೋಲ್ಟೇಜ್ ಇರಬಹುದು. ಅಗ್ಗದ ಫ್ಯಾನು ಇರಬಹುದು. ನನ್ನ ಬರಹವೇ ತಪ್ಪಿರಬಹುದು ಎಂಬುದೊಂದು ಪಟ್ಟಿಯಲ್ಲಿರಲಿಲ್ಲ.

ಅಬ್ಬಾಸರ ಹೆಂಡತಿ ನಫೀಸಾ ಲಿಂಬೆ ಶರಬತ್ತು ತಂದುಕೊಟ್ಟು, ಕಂಪ್ಯೂಟರಿನ ಪರದೆಗೆ ಬೆನ್ನು ಹಾಕಿ ಬಾಗಿಲ ಬಳಿ ನಿಂತರು.

"ನಾನು ಅದನ್ನು ನೋಡುದಿಲ್ಲ" ಅಂದರು. "ಇವರು ರಜೆಯಲ್ಲಿ ಬರುವಾಗೆಲ್ಲ ಏರ್‌ಪೋರ್ಟಿನ ಹೊರಗೆ ನಿಂತು ಆಕಾಶ ನೋಡಿ ನೋಡಿ ಸಾಕಾಗಿದೆ. ಈಗ ಮನೆಯಲ್ಲಿ ಕೂತು ವಿಮಾನ ನಡುವಲ್ಲೇ ಕಪ್ಪಾಗುದು ನೋಡ್ಬೇಕಾ? ಎದೆ ಧಸಕ್ ಅಂತದೆ. ಸರಿ ಆಗದಿದ್ದರೆ ಯಾರಿಗಾದರೂ ಕೊಟ್ಟುಬಿಡಿ ಅಂತ ಹೇಳಿದ್ದೇನೆ."

ಅಬ್ಬಾಸ್ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಒರೆಸಿದರು, ಮತ್ತೊಮ್ಮೆ ಒರೆಸಿದರು.

ಕನ್ನಡಕ ಏರಿಸಿ ಪರೀಕ್ಷೆ ಮಾಡಿದೆ. ಧೂಳು ಒಂದು ಚೂರೂ ಇರಲಿಲ್ಲ. ಫ್ಯಾನುಗಳು ಒಳ್ಳೆಯವೇ. ಕಂಪ್ಯೂಟರಿನ ಪೆಟ್ಟಿಗೆಯ ಎರಡೂ ಪಕ್ಕದ ಬಾಗಿಲು ಭದ್ರವಾಗಿ ಮುಚ್ಚಿತ್ತು. "ಇದು ವೋಲ್ಟೇಜಿನ ಸಮಸ್ಯೆ" ಎಂದು ಗಂಭೀರವಾಗಿ ಹೇಳಿದೆ.

ಬಾಗಿಲಿನಿಂದ ನಫೀಸಾ ಕೇಳಿದರು: "ಐದೂ ಒಳಗೆ ಊದುದಾದರೆ ಬಿಸಿ ಹೊರಗೆ ಹೋಗುದು ಎಲ್ಲಿಂದ?"

"ಸಂದಿಯಿಂದ..." ಅಂದೆ. ನನಗೇ ಕೇಳಿಸದಷ್ಟು ಮೆಲ್ಲ.

ಅವರು ಒಳಗೆ ಹೋಗಿ ಟಿಶ್ಯೂ ಪೇಪರ್ ತಂದರು. ಒಂದು ಎಳೆ ಹರಿದು ಮುಂದಿನ ಫ್ಯಾನಿನ ಎದುರು ಹಿಡಿದರು. ಅಂಟಿಕೊಂಡಿತು. ಮೇಲೆ ಹಿಡಿದರು. ಅಂಟಿಕೊಂಡಿತು. ಹಿಂದೆಯೂ ಅದೇ ಕತೆ. ಹೊರಗೆ ದಬ್ಬುವ ಫ್ಯಾನು ಒಂದೂ ಇಲ್ಲ. ಹಿಂದಿನ ಫ್ಯಾನಂತೂ ಪ್ರೊಸೆಸರ್ ಬಿಟ್ಟ ಬಿಸಿಗಾಳಿಯನ್ನು ಪುನಃ ಅದರ ಮುಖಕ್ಕೇ ಊದುತ್ತಿತ್ತು.

ಹಾಗಾದರೆ ನನ್ನ ಮನೆಯಲ್ಲಿ ತಂಪಾಗಿರುವುದು ಹೇಗೆ? ಉತ್ತರ ಹೊಳೆದಾಗ ಕಿವಿ ಬಿಸಿಯಾಯಿತು. ನನ್ನ ಪೆಟ್ಟಿಗೆಯ ಪಕ್ಕದ ಬಾಗಿಲೇ ಇಲ್ಲ. ಸ್ಕ್ರೂ ಕಳೆದುಹಾಕಿ ತೆರೆದೇ ಇಟ್ಟಿದ್ದೇನೆ. ಬಿಸಿಗಾಳಿ ಹೋಗುತ್ತಿದ್ದದ್ದು ಅಲ್ಲಿಂದ. ಅದೊಂದನ್ನು ಮಾತ್ರ ಅಂಕಣದಲ್ಲಿ ಬರೆದಿರಲಿಲ್ಲ. (ಶೋಭೆ ತರುವ ವಿಷಯವಲ್ಲ, ನೋಡಿ.)

"ತಪ್ಪು ನನ್ನದೇ ಅಬ್ಬಾಸ್" ಅಂದೆ.

"ಛೆ ಛೆ, ನಾನೇ ಸರಿಯಾಗಿ ಓದ್ಲಿಲ್ಲ ಕಾಣ್ತದೆ" ಅಂದರು ಅವರು. ಗೋಡೆಯ ಮೇಲಿನ ಕಾಗದ ನಮ್ಮಿಬ್ಬರ ಮುಖಕ್ಕೆ ಸರಿಯಾಗಿ ಇತ್ತು. 'ಐದೂ' ಎಂಬ ಪದದ ಕೆಳಗೆ ಅವರು ಪೆನ್ಸಿಲ್ಲಿನಲ್ಲಿ ಗೆರೆ ಎಳೆದಿದ್ದರು.

ಮುಂದಿನ ಮೂರನ್ನು ಹಾಗೆಯೇ ಬಿಟ್ಟು, ಮೇಲಿನ ಮತ್ತು ಹಿಂದಿನ ಫ್ಯಾನು ಬಿಚ್ಚಿ ತಿರುಗಿಸಿದೆವು. (ಗುರುತು ಸುಲಭ: ಫ್ಯಾನಿನ ಯಾವ ಬದಿಯಲ್ಲಿ ಆಧಾರದ ಕಡ್ಡಿಗಳಿವೆಯೋ ಗಾಳಿ ಆ ಕಡೆಗೆ ಹೋಗುತ್ತದೆ.) ಪರೀಕ್ಷೆಗೆಂದು ಗೋಡೆಯ ಗೂಡಿನಿಂದ ಎಳೆದಿದ್ದ ಪೆಟ್ಟಿಗೆಯನ್ನು ಪುನಃ ಅಲ್ಲಿ ತುರುಕದೆ ಮೇಜಿನ ಮೇಲಿಟ್ಟೆವು. ಟಿಶ್ಯೂ ಈಗ ಮುಂದೆ ಅಂಟಿತು, ಹಿಂದೆ ಹಾರಿತು. ನಫೀಸಾ ಪುನಃ ಬಾಗಿಲ ಬಳಿ ಹೋಗಿ ಬೆನ್ನು ತಿರುಗಿಸಿ ನಿಂತರು.

ಅಬ್ಬಾಸ್ ಸಮುದ್ರದ ಮೇಲಿಂದಲೇ ವಿಮಾನ ಶುರು ಮಾಡಿದರು. ನೆಲ ಹತ್ತಿರವಾದಂತೆ ಕಂಪ್ಯೂಟರಿಗೆ ಮರ, ಮನೆ, ರಸ್ತೆ ಎಲ್ಲ ಬಿಡಿಸುವ ಕೆಲಸ. ಜಾಸ್ತಿ ಬಿಸಿಯಾಗುವುದೇ ಆಗ. ಪರದೆಯ ಮೂಲೆಯಲ್ಲಿ ಬಿಸಿ ತೋರಿಸುವ ಅಂಕೆ ಎಪ್ಪತ್ತೆರಡು, ಎಪ್ಪತ್ತೆಂಟು, ಎಂಬತ್ತೊಂದು. ಮೊದಲೆಲ್ಲ ಇಲ್ಲಿಂದ ತೊಂಬತ್ತು ದಾಟಿ ಓಡುತ್ತಿತ್ತಂತೆ. ಈಗ ಎಂಬತ್ತೊಂದಕ್ಕೇ ನಿಂತಿತು. ತೆಂಗಿನ ತಲೆಗಳು, ಕೆಂಪು ಮಣ್ಣು, ಗುಡ್ಡದ ಮೇಲಿನ ರನ್‌ವೇ. ಚಕ್ರ ನೆಲಕ್ಕೆ ತಾಗಿ ಒಮ್ಮೆ ಪುಟಿದು, ಓಡಿ, ನಿಂತಿತು.

ಅಬ್ಬಾಸ್ ಉಸಿರು ಬಿಟ್ಟರು. ತಿರುಗಿ ನೋಡಿದರೆ ನಫೀಸಾ ನಮ್ಮ ಹಿಂದೆಯೇ ನಿಂತಿದ್ದರು. ಯಾವಾಗ ಬಂದರೋ!

"ನಾನು ನಿಲ್ಲುತ್ತಿದ್ದ ಜಾಗ ಯಾವುದು?" ಎಂದು ಕೇಳಿದರು.

ಅಬ್ಬಾಸ್ ವಿಮಾನವನ್ನು ಮೆಲ್ಲಗೆ ತಿರುಗಿಸಿ ಹುಡುಕಿದರು. ಕಟ್ಟಡ ಇತ್ತು, ಅದರಾಚೆ ಬರೀ ಹಸಿರು. ಅಲ್ಲೇ ಬೆರಳಿಟ್ಟು, "ಇಲ್ಲಿ. ಇದರಲ್ಲಿ ಜನ ಹಾಕಿಲ್ಲ" ಅಂದರು. ನಫೀಸಾ ಬ್ಯಾರಿ ಭಾಷೆಯಲ್ಲಿ ಏನೋ ಹೇಳಿದರು, ಇಬ್ಬರೂ ನಕ್ಕರು. ನನಗೆ ಅರ್ಥವಾಯಿತು, ಆದರೆ ಅದು ಪೇಪರಿನಲ್ಲಿ ಬರೆಯುವ ಮಾತಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಆದರೂ ಸಮಾಧಾನ ಸಿಗಲಿಲ್ಲ. ಬರೆಯುವವರು, ಭಾಷಣ ಮಾಡುವವರು, ವಾಟ್ಸ್ಯಾಪಿನಲ್ಲಿ ಮದ್ದು ಹೇಳುವವರು, ಸಲಹೆ ಕೊಟ್ಟು ನಮ್ಮ ಪಾಡಿಗೆ ಮುಂದೆ ಹೋಗುತ್ತೇವೆ. ಅಬ್ಬಾಸ್ ಫೋನ್ ಮಾಡಿದರು, ಸರಿ.

ನಮ್ಮನ್ನು ನಂಬಿ ಕೆಟ್ಟು, 'ನಾನೇ ಸರಿಯಾಗಿ ಓದಲಿಲ್ಲ' ಅಂದುಕೊಂಡು ಸುಮ್ಮನೆ ಕೂತವರು ಎಷ್ಟು ಮಂದಿ ಇದ್ದಾರೋ?