ಆಲೆಮನೆಯ ನೆಗೆಟಿವ್‌ಗಳು

ಹೋದ ತಿಂಗಳು ಬೀರುವಿನ ಬಾಗಿಲು ತೆಗೆದರೆ ವಿನೆಗರ್ ವಾಸನೆ. "ಏನ್ರೀ, ಬಟ್ಟೆ ಮಧ್ಯೆ ಉಪ್ಪಿನಕಾಯಿ ಇಟ್ಟಿದ್ದೀರಾ?" ಎಂದು ನನ್ನಾಕೆ ಕೇಳಿದಳು. ನಕ್ಕೆನಾದರೂ ಕೈ ಬಿಸ್ಕತ್ತಿನ ಡಬ್ಬಿಗೆ ಹೋಯಿತು. ಹಳೆಯ ನೆಗೆಟಿವ್ ಕೂಡಿಡುವ ಹುಚ್ಚು ನಿಮಗೂ ಇದ್ದರೆ ಗೊತ್ತಿರುತ್ತದೆ, ಫಿಲ್ಮು ಹುಳಿ ವಾಸನೆ ಹೊಡೆಯಿತೆಂದರೆ ಅದು ಸಾಯುತ್ತಿದೆ ಎಂದರ್ಥ. ಆ ಹುಚ್ಚು ಇಲ್ಲದಿದ್ದರೆ ನೀವು ಪುಣ್ಯವಂತರು.

ಬೀರುವಿನ ಬಿಸ್ಕತ್ತಿನ ಡಬ್ಬಿಯಲ್ಲಿದ್ದದ್ದು ಒಂದೇ ರೀಲು, ಮೂವತ್ತಾರು ಚಿತ್ರ. ನಲವತ್ತು ವರ್ಷದ ಹಿಂದೆ ಚಿಕ್ಕರಸಿನಕೆರೆಯ ಬಾಕ್ಸರ್ ಸಿದ್ದರಾಜು, ಮುಂದೆ ಪೇಪರುಗಳಲ್ಲೆಲ್ಲ ಹೆಸರಾದವನು, ದೊಡ್ಡ ಪಂದ್ಯಕ್ಕೆ ಮುಂಚೆ ಎರಡು ತಿಂಗಳು ಅಭ್ಯಾಸ ಮಾಡಿದ್ದು ಒಂದು ಖಾಲಿ ಆಲೆಮನೆಯಲ್ಲಿ. ಬೆಲ್ಲ ಬೇಯಿಸುವ ಕಾಲವಲ್ಲ. ತೊಲೆಗೆ ಕಬ್ಬಿನ ಸಿಪ್ಪೆ ತುಂಬಿದ ಗೋಣಿಚೀಲ ಕಟ್ಟಿ ಗುದ್ದುತ್ತಿದ್ದ. ಮದ್ದೂರಿನ ಸ್ಟುಡಿಯೋ ನಂಜಪ್ಪ ಈ ಚಿತ್ರಗಳನ್ನು ತೆಗೆಯಲು ಕ್ಯಾಮೆರಾ ಹಿಡಿದು ಹೊರಟಾಗ ನಾನು ಕಾಲೇಜು ತಪ್ಪಿಸಿ ಹಿಂದೆ ಬಿದ್ದೆ. ಲೈಟು ಹಿಡಿಯುತ್ತೇನೆ ಎಂಬ ನೆಪ. ಅವನ ಹತ್ತಿರ ಲೈಟೇ ಇರಲಿಲ್ಲ.

ಸಿದ್ದರಾಜುವಿನ ತಾಯಿ ಕೆಂಪಮ್ಮ ಬಾಗಿಲಿಗೆ ಅಡ್ಡ ನಿಂತರು. ಮಗನ ಮೈಕಟ್ಟಿಗೆ ಊರ ಕಣ್ಣು ಬಿದ್ದೀತೆಂಬ ದಿಗಿಲು. ನಂಜಪ್ಪ ಯಾರದೋ ಮದುವೆಯ ನೆಗೆಟಿವ್ ತೋರಿಸಿ, ನೋಡಿ, ಮುಖವೆಲ್ಲ ಮಸಿ, ದೃಷ್ಟಿ ತಾಕಲು ಇಲ್ಲೇನಿದೆ ಎಂದ. ಆಕೆ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಅಂಗಾದ್ರೆ ಇದ್ನೇ ಮಡೀಕ. ಫೋಟ ಮಾತ್ರ ಮಾಡ್ಬ್ಯಾಡ. ನಾನು ಊಂ ಅನ್ನೋಗಂಟ ಮಾಡ್ಬ್ಯಾಡ ಕಣಪ್ಪ."

"ಆಯ್ತು ಬುಡವ್ವ," ಎಂದ ನಂಜಪ್ಪ. ಊಟ ಬಿಟ್ಟಾನು, ಕೊಟ್ಟ ಮಾತು ಬಿಡುವವನಲ್ಲ. ಒಂದು ಪ್ರಿಂಟೂ ಹಾಕದೆ ಸತ್ತುಹೋದ. ಕಳೆದ ವರ್ಷ ಮಳವಳ್ಳಿಯಲ್ಲಿ ಅವನ ಹೆಂಡತಿ ಡಬ್ಬಿಯನ್ನು ನನ್ನ ಕೈಗಿಟ್ಟು, "ಆ ಅವ್ವನ್ನ ಕೇಳ್ದೆ ಏನೂ ಮಾಡ್ಸ್‌ಬ್ಯಾಡಿ," ಎಂದರು. ಹೂಂಗುಟ್ಟಿ ತಂದೆ.

ಕೇಳಿದೆನೇ? ಇಲ್ಲ. ಬೇಡ ಅಂದುಬಿಟ್ಟರೆ? ಅತ್ತ ಕೇಳಲು ಭಯ, ಇತ್ತ ಫಿಲ್ಮು ಹಾಳಾಗುವ ಭಯ. ವರ್ಷವಿಡೀ ಮುಚ್ಚಳ ತೆಗೆದು ಮೂಸುವುದೇ ಕೆಲಸವಾಯಿತು. ಉಪ್ಪಿನಕಾಯಿಯ ಮಾತು ಬಂದ ದಿನ ಮಾತ್ರ ತಡೆಯಲಾಗಲಿಲ್ಲ. ಒಂದು ತುಂಡನ್ನು ಕಿಟಕಿಗೆ ಹಿಡಿದು ಫೋನಿನಲ್ಲಿ ತೆಗೆದು, ಕಪ್ಪು ಬಿಳುಪು ಅದಲುಬದಲು ಮಾಡಿ ನೋಡಿದೆ. ಬೆವರಿದ ಸಿದ್ದರಾಜು ಫಳಫಳ ಹೊಳೆಯುತ್ತಿದ್ದ. ಮೂರನೆಯ ದಿನ ಸುದ್ದಿ ಬಂತು: ಅವನು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಾನೆ. ನಾನು ವಿ.ಸಿ. ಫಾರಂ ಕೃಷಿ ಕೇಂದ್ರದಲ್ಲಿ ಮೂವತ್ತು ವರ್ಷ ಮಣ್ಣು ಪರೀಕ್ಷೆ ಮಾಡಿದವನು, ವಿಜ್ಞಾನ ಓದಿದವನು. ಆದರೂ ಎರಡು ದಿನ ಆ ಡಬ್ಬಿಯ ಹತ್ತಿರ ಸುಳಿಯಲಿಲ್ಲ.

ಅದರ ಮರುದಿನ ಚಿಕ್ಕರಸಿನಕೆರೆಯ ಬಸ್ಸು ಹತ್ತಿದೆ. ಕೆಂಪಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಒಳಗೆ ಮಂಚದ ಮೇಲೆ ಸಿದ್ದರಾಜು. ಲೋಟ ಹಿಡಿದ ಕೈ ನಡುಗುತ್ತಿತ್ತು. ಆ ನಡುಕ ಹತ್ತು ವರ್ಷದ್ದಂತೆ.

"ನಿಮ್ಮನ್ನ ಕೇಳದೆ ನೋಡ್ಬಿಟ್ಟೆ ಕಣವ್ವ. ಅದಕ್ಕೇ ಬಿದ್ದನೋ ಏನೋ," ಎಂದೆ.

"ಬಚ್ಲಲ್ಲಿ ಪಾಚಿ ಕಟ್ಟಿತ್ತು, ಬಿದ್ದ. ಎಲ್ಲಿ, ತೋರ್ಸು."

ಫೋನು ಕೊಟ್ಟೆ. ಬಹಳ ಹೊತ್ತು ನೋಡಿದರು.

"ನಲ್ವತ್ತು ವರ್ಸ ಮುಚ್ಚಿಕ್ಕಿದ್ದೆ. ಮುಚ್ಚಿಕ್ಕಿ ಏನ್ ಉಳುಸ್ಕಂಡೆ? ನಾನೂ ನೋಡ್ನಿಲ್ಲ. ಮಾಡ್ಸಪ್ಪ, ಎಲ್ಲಾನೂ ಮಾಡ್ಸು. ಕಣ್ತುಂಬ ನೋಡ್ಲಿ ಜನ."

ಇವತ್ತು ಮಂಡ್ಯದ ಸ್ಟುಡಿಯೋದಿಂದ ಪ್ರಿಂಟುಗಳು ಬಂದವು. ಮೂವತ್ತಾರರಲ್ಲಿ ಹತ್ತೊಂಬತ್ತು. ಉಳಿದವು ಒಂದಕ್ಕೊಂದು ಅಂಟಿಕೊಂಡಿದ್ದವು, ಬಿಡಿಸಹೋದರೆ ಚಿತ್ರವೇ ಕಿತ್ತು ಬಂತಂತೆ. ನಾಳೆ ತೆಗೆದುಕೊಂಡು ಹೋಗಬೇಕು. ಕಳೆದ ವರ್ಷವೇ ಬಂದು ಕೇಳಿದ್ದರೆ ಎಲ್ಲವೂ ಸಿಗುತ್ತಿದ್ದವು ಎಂದು ಆಕೆಗೆ ಹೇಳಲೋ ಬೇಡವೋ ಎಂದು ಬೆಳಗಿನಿಂದ ಒದ್ದಾಡುತ್ತಿದ್ದೆ. ಹೇಳುತ್ತೇನೆ. ಮೊದಲು ಆ ಮಾತು, ಆಮೇಲೆ ಫೋಟೋ.